ಸೂರಿಲ್ಲದವರಿಗಾಗಿ ಕೇಂದ್ರದ ಹಣ ಕೇಳುವ ಮನವಿ: ಏನನ್ನು ಕೇಳಬೇಕು, ಯಾರಲ್ಲಿ ಕೇಳಬೇಕು?

ಪ್ರಶ್ನೆ: ಕೌಲ್‌ಬಜಾರ್ ಅಕ್ಕ, ಬಳ್ಳಾರಿ

ಎಲ್ಲರಿಗೂ ಶರಣು.

ಬಳ್ಳಾರಿಯ ಕೌಲ್‌ಬಜಾರ್ ಕಡೆಯ ಒಂದು ಮಹಿಳಾ ಸ್ವಸಹಾಯ ಸಂಘದ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಸಂಘದ ಹದಿನೆಂಟು ಸದಸ್ಯೆಯರಲ್ಲಿ ಹನ್ನೊಂದು ಮಂದಿ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದಾರ ಕತ್ತರಿಸುವ, ಗುಂಡಿ ಹಚ್ಚುವ ಕೆಲಸ ಮಾಡುತ್ತಾರೆ. ಸ್ವಂತ ಮನೆ ಇರುವವರು ಇಬ್ಬರೇ. ಕಳೆದ ಬೇಸಿಗೆಯಲ್ಲಿ ಉಳಿದವರಲ್ಲೊಬ್ಬರು, ಮಾಲೀಕರು ಕೇಳಿದಷ್ಟು ಮುಂಗಡ ಹೆಚ್ಚಿಸಿಕೊಡಲಾಗದೆ ಬಾಡಿಗೆ ಮನೆ ಬಿಟ್ಟು, ಹತ್ತು ವರ್ಷದ ಮಗಳೊಂದಿಗೆ ಹನ್ನೆರಡು ರಾತ್ರಿಗಳನ್ನು ರೈಲು ನಿಲ್ದಾಣದಲ್ಲಿ ಕಳೆದರು. ಬೆಳಗಾದರೆ ಬಟ್ಟೆಯ ಗಂಟನ್ನು ಘಟಕಕ್ಕೆ ಒಯ್ದು ಹೊಲಿಗೆ ಯಂತ್ರದ ಕೆಳಗಿಡುವುದು, ಸಂಜೆ ಅದನ್ನೇ ಎತ್ತಿಕೊಂಡು ನಿಲ್ದಾಣಕ್ಕೆ ಮರಳುವುದು. ಪ್ಲಾಟ್‌ಫಾರಂ ಟಿಕೆಟ್ ಎರಡು ಗಂಟೆಗಷ್ಟೇ ಸಲ್ಲುತ್ತದೆಂದು ಪ್ರತಿ ರಾತ್ರಿ ಹೊಸಪೇಟೆಗೆ ಒಂದೂವರೆ ಟಿಕೆಟ್ ಕೊಂಡು, ಹತ್ತಲಾರದ ರೈಲಿಗೆ ಕಾಯುವವರಂತೆ ಕುಳಿತಿರುತ್ತಿದ್ದರಂತೆ. ನಮಗೆ ಇದು ತಿಳಿದದ್ದು ಹದಿಮೂರನೆಯ ದಿನ, ಸಂಘದ ಕಂತು ಕಟ್ಟಲು ಅವರು ಗಂಟಿನ ಸಮೇತ ಬಂದಾಗ. ಕಂತು ತಪ್ಪಿಸಿರಲಿಲ್ಲ ಎಂಬುದನ್ನೂ ಹೇಳಬೇಕು.

ಮುಂದಿನ ಕೇಂದ್ರ ಬಜೆಟ್‌ಗೆ ಮೊದಲು ನಮ್ಮ ಸಂಸದರಿಗೆ ಒಂದು ಮನವಿ ಕೊಡಬೇಕೆಂದು ಸಂಘದಲ್ಲಿ ತೀರ್ಮಾನವಾಗಿದೆ. 'ಬಳ್ಳಾರಿಗೆ ಹತ್ತು ಸಾವಿರ ಮನೆಗಳನ್ನು ಮಂಜೂರು ಮಾಡಿಸಿಕೊಡಬೇಕು' ಎಂದು ಬರೆದೆವು. ಪರಿಚಯದ ವಕೀಲರೊಬ್ಬರು ಅದನ್ನು ಓದಿ, ಇಂಥ ಅರ್ಜಿಗಳ ಮೇಲೆ ಸ್ವೀಕೃತಿಯ ಮುದ್ರೆ ಬಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು ಎಂದರು. ಹಾಗಾದರೆ ಕೇಂದ್ರದಿಂದ ಕೇಳಬೇಕಾದದ್ದು ಯಾವುದು, ರಾಜ್ಯದಿಂದ ಯಾವುದು? ಓದಿದವರು ತಳ್ಳಿಹಾಕಲಾಗದಂತೆ ಮನವಿಯನ್ನು ಹೇಗೆ ಬರೆಯಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ: ಕೊಪ್ಪಳದ ನಿವೃತ್ತ ಎಂಜಿನಿಯರ್

ಅಕ್ಕಾ, ಮೊದಲು ಆ 'ಹತ್ತು ಸಾವಿರ'ವನ್ನು ಹೊಡೆದುಹಾಕಿ. ದೊಡ್ಡ ಸಂಖ್ಯೆಗಳಿಗೆ ದಿಲ್ಲಿಯಲ್ಲಿ ಬರವಿಲ್ಲ. 2015ರ ಜೂನ್ 25ರಂದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಆರಂಭವಾದಾಗ 2022ರೊಳಗೆ ಎಲ್ಲರಿಗೂ ಮನೆ ಎಂದಿದ್ದರು. 2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ಒಂದು ಕೋಟಿ ಮನೆ, 2.30 ಲಕ್ಷ ಕೋಟಿ ರೂಪಾಯಿ ನೆರವು ಎಂದಿದ್ದಾರೆ. ನಾನು ಮೂವತ್ತು ವರ್ಷ ಇಂಥ ಮನೆಗಳ ತಳಪಾಯ ಅಳೆದವನು. ನನ್ನ ಕಣ್ಣು ಹೋಗುವುದು ಒಂದು ಕೋಟಿಯ ಕಡೆಗಲ್ಲ, ಒಂದು ಮನೆಗೆ ಬರುವ ಮೊತ್ತದ ಕಡೆಗೆ.

ಸ್ವಂತ ನಿವೇಶನದಲ್ಲಿ ತಾವೇ ಕಟ್ಟಿಕೊಳ್ಳುವ ನಗರದ ಬಡವರಿಗೆ ಕೇಂದ್ರವು 2015ರಲ್ಲಿ ನಿಗದಿ ಮಾಡಿದ್ದು 1.50 ಲಕ್ಷ ರೂಪಾಯಿ. 2024ರ ಆವೃತ್ತಿಯಲ್ಲಿಯೂ ನಮ್ಮಂಥ ಬಯಲು ರಾಜ್ಯಗಳಿಗೆ ಅದೇ 1.50 ಲಕ್ಷ, ರಾಜ್ಯ ಕನಿಷ್ಠ ಒಂದು ಲಕ್ಷ ಸೇರಿಸಬೇಕೆಂಬ ಷರತ್ತು ಮಾತ್ರ ಹೊಸದು. ಹಳ್ಳಿಗಳಲ್ಲಿ 2016ರಲ್ಲಿ ಗೊತ್ತುಪಡಿಸಿದ 1.20 ಲಕ್ಷವೇ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ ಅರವತ್ತು, ಎಂದರೆ 72 ಸಾವಿರ. ಈ ನಡುವೆ ಸಿಮೆಂಟಿನ ಮೇಲೆ 2017ರ ಜುಲೈಯಿಂದ 2025ರ ಸೆಪ್ಟೆಂಬರ್ 21ರವರೆಗೆ ಶೇ 28ರಷ್ಟು ಜಿಎಸ್‌ಟಿ ಇತ್ತು, ಈಗ ಶೇ 18ಕ್ಕೆ ಇಳಿದಿದೆ. ಒಂದು ಕೈಯಲ್ಲಿ ಕೊಟ್ಟ ನೆರವಿನಲ್ಲಿ ಒಂದು ಪಾಲನ್ನು ಸಿಮೆಂಟ್ ಅಂಗಡಿಯ ಬಿಲ್ಲಿನ ಮೂಲಕ ಇನ್ನೊಂದು ಕೈಯಲ್ಲಿ ಹಿಂದಕ್ಕೆ ಪಡೆದದ್ದು ಯಾವ ಫಲಕದ ಮೇಲೂ ಬರೆದಿರುವುದಿಲ್ಲ.

ಲೆಕ್ಕ ಸರಳವಾಗಿದೆ. ನಗರದಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 30 ಚದರ ಮೀಟರ್, ಸುಮಾರು 323 ಚದರ ಅಡಿ. ಚದರ ಅಡಿಗೆ 1,500 ರೂಪಾಯಿ ಎಂದು ಬಹಳ ಕಡಿಮೆ ಹಿಡಿದರೂ 4.85 ಲಕ್ಷವಾಗುತ್ತದೆ. ಕೇಂದ್ರ, ರಾಜ್ಯ ಎರಡೂ ಸೇರಿ ಎರಡೂವರೆ ಲಕ್ಷ ಕೊಟ್ಟರೆ ಉಳಿದದ್ದನ್ನು ಕೂಲಿಯವರು ಎಲ್ಲಿಂದ ತರಬೇಕು? ವಾರದ ಕಂತಿನ ಸಾಲ ಕೊಡುವವರ ಬಳಿ ತರುತ್ತಾರೆ, ಇಲ್ಲವೆ ಕೆಲಸ ನಿಲ್ಲಿಸುತ್ತಾರೆ. ನಿಲ್ಲುವುದು ಹೆಚ್ಚಾಗಿ ಲಿಂಟಲ್, ಎಂದರೆ ಬಾಗಿಲು ಕಿಟಕಿಗಳ ಮೇಲಿನ ತೊಲೆಯ, ಮಟ್ಟದಲ್ಲಿ. ಏಕೆಂದರೆ ಬಿಲ್ಲು ಹಂತ ಹಂತವಾಗಿ ಬರುತ್ತದೆ. ತಳಪಾಯ ಮುಗಿಸಿ ಜಿಪಿಎಸ್ ಫೋಟೊ ಏರಿಸಿದ ಮೇಲೆ ಒಂದು ಕಂತು, ಮುಂದಿನ ಹಂತ ಮುಗಿಸಿದ ಮೇಲೆ ಇನ್ನೊಂದು. ಛಾವಣಿಯ ಕಬ್ಬಿಣ, ಸಿಮೆಂಟ್, ಸೆಂಟ್ರಿಂಗ್ ಬಾಡಿಗೆ ಒಟ್ಟಿಗೆ ಬೇಕಾಗುವ ಹೊತ್ತಿಗೆ ಕೈ ಖಾಲಿಯಾಗಿರುತ್ತದೆ. ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಕಂಡ ಮನೆಯೊಂದರ ಕಂಬಗಳ ತುದಿಯಲ್ಲಿ ಕಬ್ಬಿಣದ ಸರಳುಗಳು ಆರು ವರ್ಷಗಳಿಂದ ತುಕ್ಕು ಹಿಡಿದು ನಿಂತಿವೆ. ಮಕ್ಕಳಿಗೆ ಚುಚ್ಚಬಾರದೆಂದು ಮನೆಯಾಕೆ ಒಂದೊಂದು ಸರಳಿಗೂ ಒಂದೊಂದು ನೀರಿನ ಬಾಟಲಿ ಕವುಚಿದ್ದಾರೆ. ಗೋಡೆಗಳ ನಡುವೆ ಮೇವು ಒಟ್ಟಿದ್ದಾರೆ, ಸಂಸಾರ ಪಕ್ಕದ ತಗಡಿನ ಶೆಡ್ಡಿನಲ್ಲಿದೆ. ದಾಖಲೆಯಲ್ಲಿ ಅದು 'ಪ್ರಗತಿಯಲ್ಲಿರುವ ಮನೆ'.

ಆದ್ದರಿಂದ ನಿಮ್ಮ ಮನವಿಯಲ್ಲಿ ಮನೆಯೊಂದಕ್ಕೆ ಕೊಡುವ ಕೇಂದ್ರದ ಪಾಲನ್ನು ಪ್ರತಿ ವರ್ಷ ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಪರಿಷ್ಕರಿಸಬೇಕೆಂದು ಕೇಳಿ. ಉದ್ಯೋಗ ಖಾತರಿಯ ಕೂಲಿಯನ್ನು ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ವರ್ಷ ವರ್ಷ ಏರಿಸುವ ಪದ್ಧತಿಯನ್ನು ಕೇಂದ್ರವೇ ನಡೆಸಿಕೊಂಡು ಬಂದಿತ್ತು. ಕೂಲಿಗೆ ಸಾಧ್ಯವಾದದ್ದು ಗೋಡೆಗೆ ಏಕೆ ಸಾಧ್ಯವಿಲ್ಲ?

ಉತ್ತರ: ರಾತ್ರಿ ಪಾಳಿ, ರಾಯಚೂರು

ಎಂಜಿನಿಯರ್ ಸಾಹೇಬರು ಹೇಳಿದ್ದೆಲ್ಲ ಸರಿ, ಆದರೆ ಅಕ್ಕನವರ ಸದಸ್ಯೆಗೆ ಆ ಹನ್ನೆರಡು ರಾತ್ರಿಗಳಲ್ಲಿ ಬೇಕಾಗಿದ್ದದ್ದು ಲಿಂಟಲ್ ಅಲ್ಲ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಅದರ ಬಗ್ಗೆ ಯಾರೂ ಮನವಿ ಬರೆಯುವುದಿಲ್ಲವಾದ್ದರಿಂದ ನಾನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಭಾಗದ ಒಂದು ಊರಿನ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ನಾನು ಎರಡು ವರ್ಷ ಮೇಲ್ವಿಚಾರಕನಾಗಿದ್ದೆ. ಯಾವ ಊರು, ಯಾರು ನಡೆಸುತ್ತಿದ್ದರು ಎಂಬುದು ಇಲ್ಲಿ ಬೇಡ. ಇಂಥ ಕೇಂದ್ರಗಳಿಗೆ ಹಣ ಬರುತ್ತಿದ್ದದ್ದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಿಂದ. ಅದರ ಮಾರ್ಗಸೂಚಿಯ ಪ್ರಕಾರ ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರಿಗಾಗುವ ಒಂದು ಕೇಂದ್ರವಿರಬೇಕು, ಒಬ್ಬೊಬ್ಬರಿಗೆ 50 ಚದರ ಅಡಿ ಜಾಗವಿರಬೇಕು, ವರ್ಷದ 365 ದಿನವೂ ಹಗಲು ರಾತ್ರಿ ತೆರೆದಿರಬೇಕು, ಹೆಂಗಸರಿಗೆ ಮತ್ತು ಕುಟುಂಬಗಳಿಗೆ ಬೇರೆ ವ್ಯವಸ್ಥೆ ಇರಬೇಕು. 2011ರ ಜನಗಣತಿಯಲ್ಲಿಯೇ ಬಳ್ಳಾರಿ ನಗರ ನಾಲ್ಕು ಲಕ್ಷ ದಾಟಿತ್ತು, ರಾಯಚೂರು 2.34 ಲಕ್ಷವಿತ್ತು, ಗಂಗಾವತಿ ಒಂದು ಲಕ್ಷ ಮೀರಿತ್ತು. ನಿಮ್ಮ ಊರಿಗೆ ಎಷ್ಟು ಕೇಂದ್ರಗಳು ಸಲ್ಲಬೇಕು, ಎಷ್ಟು ಇವೆ ಎಂಬುದನ್ನು ನೀವೇ ಎಣಿಸಿ ಮನವಿಯ ಮೊದಲ ಸಾಲಿನಲ್ಲಿ ಬರೆಯಿರಿ.

ನಾನು ಇದ್ದ ಕೇಂದ್ರದಲ್ಲಿ ಮಲಗುತ್ತಿದ್ದವರು ಯಾರು? ಹತ್ತಿ ಮಾರುಕಟ್ಟೆಯ ಹಮಾಲರು, ಆಸ್ಪತ್ರೆಯಲ್ಲಿ ಹೆಂಡತಿಯನ್ನು ಸೇರಿಸಿ ಹೊರಗೆ ಕಾಯುವ ಗಂಡಂದಿರು, ಬೆಂಗಳೂರಿಗೆ ಗುಳೆ ಹೊರಟು ರಾತ್ರಿಯ ಬಸ್ಸು ತಪ್ಪಿಸಿಕೊಂಡ ಕುಟುಂಬಗಳು, ಮಗ ಮನೆಯಿಂದ ಹೊರಹಾಕಿದ ಒಬ್ಬ ನಿವೃತ್ತ ಅಕ್ಕಿ ಗಿರಣಿ ಕಾರ್ಮಿಕ. ಆ ಅಜ್ಜ ಪ್ರತಿ ಸಂಜೆ ಬಂದು ತನ್ನ ಹಾಸಿಗೆಯ ಹೊದಿಕೆಯನ್ನು ತಾನೇ ಕೊಡವಿ ಹಾಸಿಕೊಳ್ಳುತ್ತಿದ್ದ. ಬೇರೆಯವರು ಹಾಸಿದರೆ ಅದು ಧರ್ಮಛತ್ರವಾಗುತ್ತದೆ, ತಾನು ಹಾಸಿದರೆ ಮನೆಯಾಗುತ್ತದೆ ಎನ್ನುತ್ತಿದ್ದ.

ಕಟ್ಟಡಕ್ಕೆ ತೊಂದರೆ ಇರಲಿಲ್ಲ. ಬಣ್ಣ ಬಳಿದು ಉದ್ಘಾಟನೆಯೂ ಆಗಿತ್ತು. ತೊಂದರೆ ಇದ್ದದ್ದು ನಿತ್ಯದ ಖರ್ಚಿಗೆ. ವಾರಕ್ಕೆ ನಲವತ್ತು ಹೊದಿಕೆ ಒಗೆಸಬೇಕು, ತಿಗಣೆಗೆ ಔಷಧ ಹೊಡೆಸಬೇಕು, ಫಿನಾಯಿಲ್ ಬೇಕು, ವಿದ್ಯುತ್ ಬಿಲ್ ಕಟ್ಟಬೇಕು, ಮೂರು ಪಾಳಿಗೆ ಮೂವರು ಬೇಕು. ನಮ್ಮ ಸಂಬಳ ಏಳು ತಿಂಗಳು ಬರಲಿಲ್ಲ. ಇಬ್ಬರು ಬಿಟ್ಟುಹೋದರು, ಉಳಿದವನು ನಾನೊಬ್ಬನೇ. ನಾನೂ ನಿದ್ದೆ ಮಾಡಬೇಕಲ್ಲ, ಆದ್ದರಿಂದ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬೀಗ ಹಾಕತೊಡಗಿದೆ. ಹಗಲು ಮಲಗಬೇಕಾದ ರಾತ್ರಿ ಪಾಳಿಯ ಹಮಾಲರು ಬರುವುದನ್ನು ಬಿಟ್ಟರು, ಹೆಣ್ಣುಮಕ್ಕಳ ಕೋಣೆಗೆ ಆಯಾ ಇಲ್ಲದ್ದರಿಂದ ಅದನ್ನು ಮುಚ್ಚಿದೆವು. ಹಾಜರಿ ಪುಸ್ತಕದಲ್ಲಿ ಎಪ್ಪತ್ತು ಇದ್ದದ್ದು ಇಪ್ಪತ್ತಕ್ಕೆ ಇಳಿಯಿತು. ತಪಾಸಣೆಗೆ ಬಂದವರು ಆ ಪುಸ್ತಕ ನೋಡಿ 'ಬೇಡಿಕೆ ಕಡಿಮೆ' ಎಂದು ಷರಾ ಬರೆದುಹೋದರು.

ಮಾರ್ಗಸೂಚಿಯಲ್ಲಿ ನಿರ್ವಹಣೆಯ ನೆರವು ಐದು ವರ್ಷಕ್ಕೆ ಸೀಮಿತವಾಗಿತ್ತು. ಆಮೇಲೆ ಊರಿನ ಆಡಳಿತವೇ ನಡೆಸಿಕೊಂಡು ಹೋಗಬೇಕೆಂಬ ಆಶಯ. ಬೀದಿ ದೀಪದ ಬಿಲ್ ಕಟ್ಟುವುದಕ್ಕೇ ತಿಣುಕುವ ಊರುಗಳಿಗೆ ಈ ಆಶಯವನ್ನು ವಹಿಸಿದ್ದಾರೆ. ಆ ಅಭಿಯಾನದ ಅವಧಿಯೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ನನ್ನನ್ನು ಕೇಳಿದರೆ ನಿಮ್ಮ ಮನವಿ ಒಂದೇ ಮಾತಿನ ಸುತ್ತ ನಿಲ್ಲಬೇಕು: ಆಶ್ರಯ ಕೇಂದ್ರ ನಡೆಸುವ ಖರ್ಚನ್ನು ಕೇಂದ್ರ ಸರ್ಕಾರವು ಅವಧಿಯ ಮಿತಿಯಿಲ್ಲದೆ ಭರಿಸಬೇಕು, ಮತ್ತು ಅದರಲ್ಲಿ ಸಂಬಳದ ಭಾಗ ನೇರವಾಗಿ ಕೆಲಸದವರ ಖಾತೆಗೆ ಬರಬೇಕು. ಕಟ್ಟಲು ಹಣ ಕೊಡುವವರು ಬಹಳ ಮಂದಿ ಇದ್ದಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಲ್ಲ.

ಉತ್ತರ: ಸಿಂಧನೂರು ಕ್ಯಾಂಪಿನವ

ಎಲ್ಲರ ಕ್ಷಮೆ ಕೋರಿ ಒಂದು ಭಿನ್ನಾಭಿಪ್ರಾಯ. ಪ್ರತಿಯೊಂದಕ್ಕೂ ದಿಲ್ಲಿಯ ಮುಂದೆ ಕೈಯೊಡ್ಡುವ ರೂಢಿಯನ್ನು ನಾವು ಏಕೆ ಬೆಳೆಸಿಕೊಳ್ಳಬೇಕು? ಭೂಮಿ ಸಂವಿಧಾನದ ರಾಜ್ಯಪಟ್ಟಿಯ ವಿಷಯ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಬಳ್ಳಾರಿಯಲ್ಲಿ ಗಣಿ ಗುತ್ತಿಗೆದಾರರು ರಾಯಧನದ ಮೇಲೆ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ. 2015ಕ್ಕಿಂತ ಹಿಂದಿನ ಗುತ್ತಿಗೆಗಳಾದರೆ ಅದು ರಾಯಧನದ ಶೇ 30. ಇಷ್ಟೇ ಅಲ್ಲ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ನಾವೆಲ್ಲರೂ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಉಪಕರ ಕಟ್ಟುತ್ತಲೇ ಇದ್ದೇವೆ. ಆ ರಸೀದಿಯನ್ನು ಒಮ್ಮೆ ತೆಗೆದು ನೋಡಿ.

ಹಣ ಬಂದರೂ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಜಾಗ ಅಗ್ಗವೆಂದು ಊರಿನಿಂದ ಎಂಟು ಹತ್ತು ಕಿಲೋಮೀಟರ್ ಆಚೆ ಮನೆಗಳನ್ನು ಕಟ್ಟುತ್ತಾರೆ. ಬಸ್ಸಿಲ್ಲ, ಕೆಲಸಕ್ಕೆ ಹೋಗಿ ಬರಲು ಆಟೊಗೆ ದಿನಕ್ಕೆ ಅರವತ್ತು ರೂಪಾಯಿ ಬೇಕು. ಕೀಲಿ ಪಡೆದವರು ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು ಹಳೆಯ ಗುಡಿಸಲಿಗೇ ಮರಳುತ್ತಾರೆ. ಕೇಂದ್ರದಿಂದ ಕೇಳುವುದೇ ಆದರೆ ಯೋಜನೆ ಕೇಳಬೇಡಿ, ನಮ್ಮ ತೆರಿಗೆಯ ಪಾಲು ಕೇಳಿ. ಹದಿನಾಲ್ಕನೆಯ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713 ಇದ್ದದ್ದು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು.

ಉತ್ತರ: ರಾಜ್ಯಶಾಸ್ತ್ರದ ಮೇಷ್ಟ್ರು, ರಾಯಚೂರು

ಸಿಂಧನೂರಿನ ಮಿತ್ರರು ಎತ್ತಿದ ಪ್ರಶ್ನೆ ತೂಕದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ತೆರಿಗೆಯ ಪಾಲು ಹೆಚ್ಚಿದ ಮಾತ್ರಕ್ಕೆ ಅದು ನಿಲ್ದಾಣದಲ್ಲಿ ಮಲಗುವವರ ತನಕ ಬಂದೀತು ಎನ್ನಲು ನನಗೆ ಧೈರ್ಯವಿಲ್ಲ. ಸೂರಿಲ್ಲದವರಿಗೆ ವಿಳಾಸವಿರುವುದಿಲ್ಲ, ಅನೇಕರಿಗೆ ಮತದಾರರ ಗುರುತಿನ ಚೀಟಿಯೂ ಇರುವುದಿಲ್ಲ, ಆದ್ದರಿಂದ ಯಾವ ಸ್ಥಳೀಯ ಸಂಸ್ಥೆಯ ಸಭೆಯಲ್ಲಿಯೂ ಅವರ ಪರವಾಗಿ ಏಳುವ ಕೈ ಕಡಿಮೆ. ಭಿಕ್ಷುಕರ ಉಪಕರದ ಹಣವೂ ಭಿಕ್ಷಾಟನೆಯಲ್ಲಿ ಹಿಡಿದವರನ್ನು ಇರಿಸುವ ಪರಿಹಾರ ಕೇಂದ್ರಗಳಿಗೆ ಸಂಬಂಧಿಸಿದ್ದು. ಸ್ವಇಚ್ಛೆಯಿಂದ ಬಂದು ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಅದು ಸಲ್ಲುವ ಜಾಗವಲ್ಲ.

ಕೇಂದ್ರದ ಹೊಣೆ ಏಕೆ ಎಂಬುದಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಉತ್ತರ ಬೇರೆಡೆ ಸಿಗಲಾರದು. ದೇವದುರ್ಗ, ಲಿಂಗಸುಗೂರು ಕಡೆಯ ಕುಟುಂಬ ಸುಗ್ಗಿ ಮುಗಿದ ಮೇಲೆ ಗುಳೆ ಹೊರಡುತ್ತದೆ. ಕೆಲವರು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಕೆಲವರು ಹೈದರಾಬಾದಿಗೆ, ಕೆಲವರು ಮಹಾರಾಷ್ಟ್ರಕ್ಕೆ. ಸ್ವಂತ ಊರಿನಲ್ಲಿ ಮಣ್ಣಿನ ಮಾಳಿಗೆಯ ಮನೆಯೊಂದು ಬೀಗ ಹಾಕಿಕೊಂಡು ನಿಂತಿರುತ್ತದೆ, ಮನೆಯವರು ತೆಲಂಗಾಣದ ಒಂದು ಮೇಲ್ಸೇತುವೆಯ ಕೆಳಗೆ ಇರುತ್ತಾರೆ. ಅವರು ಯಾವ ರಾಜ್ಯದ ವಸತಿರಹಿತರು? ರಾಜ್ಯದ ಗಡಿ ದಾಟುವ ಬಡತನಕ್ಕೆ ರಾಜ್ಯದ ಬೊಕ್ಕಸವೊಂದೇ ಉತ್ತರವಾಗಲಾರದು. ನ್ಯಾಯಾಲಯವೂ ಈ ದಾರಿಯಲ್ಲಿ ಸಾಕಷ್ಟು ನಡೆದಿದೆ. ಸುಪ್ರೀಂ ಕೋರ್ಟ್ 1985ರ ಓಲ್ಗಾ ಟೆಲಿಸ್ ತೀರ್ಪಿನಲ್ಲಿ ಮುಂಬೈ ಪಾದಚಾರಿ ಮಾರ್ಗದ ನಿವಾಸಿಗಳ ಜೀವನೋಪಾಯವನ್ನು 21ನೆಯ ವಿಧಿಯ ಬದುಕುವ ಹಕ್ಕಿನೊಳಗೆ ಸೇರಿಸಿತು, 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಆಶ್ರಯವೂ ಆ ಹಕ್ಕಿನ ಭಾಗವೆಂದಿತು, ಇ. ಆರ್. ಕುಮಾರ್ ಪ್ರಕರಣದಲ್ಲಿ 2016ರ ನವೆಂಬರಿನಲ್ಲಿ, ಆಶ್ರಯ ಕೇಂದ್ರಗಳಿಗೆ ಕೊಟ್ಟ ಹಣ ಏನಾಯಿತು ಎಂದು ನೋಡಲು ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿಯನ್ನೇ ನೇಮಿಸಿತು. ಈ ಮೂರು ಹೆಸರುಗಳು ಮನವಿಯಲ್ಲಿರಲಿ.

ಎಣಿಕೆಯ ವಿಷಯ ಮಾತ್ರ ನನಗೆ ಬಹಳ ಮುಖ್ಯವೆನಿಸುತ್ತದೆ. ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷ ಎಂದು ಇಂದಿಗೂ ಉಲ್ಲೇಖಿಸುವ ಅಂಕಿ 2011ರ ಫೆಬ್ರುವರಿ 28ರ ಒಂದು ರಾತ್ರಿಯದು. ಗುಳೆ ಹೋದ ನಮ್ಮ ಜನ ಆ ತಿಂಗಳು ಊರಿನಲ್ಲಿರುವುದಿಲ್ಲ. ಅಮೆರಿಕದ ಮಾದರಿಯನ್ನು ನೋಡಿ: 1987ರಲ್ಲಿ ಆದ, ಈಗ ಮೆಕಿನಿ-ವೆಂಟೊ ಎಂದು ಕರೆಯುವ ಕಾಯ್ದೆಯಡಿ ಅಲ್ಲಿನ ಒಕ್ಕೂಟ ಸರ್ಕಾರ ವಸತಿರಹಿತರಿಗಾಗಿ ಊರುಗಳಿಗೆ ಹಣ ಕೊಡುತ್ತದೆ, ಆ ಹಣ ಪಡೆಯುವವರು ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿ ಎಣಿಕೆ ನಡೆಸಬೇಕು. 2023ರಲ್ಲಿ 6,53,104 ಇದ್ದದ್ದು 2024ರಲ್ಲಿ 7,71,480 ಆಯಿತು. ಎಣಿಸಿದ್ದರಿಂದ ಸಂಖ್ಯೆ ಇಳಿಯಲಿಲ್ಲ, ನಿಜ. ಆದರೆ ಏರಿತೆಂಬುದನ್ನು ಯಾರೂ ಮುಚ್ಚಿಡಲಾಗಲಿಲ್ಲ. ನಮ್ಮಲ್ಲಿ ಮುಂದಿನ ಜನಗಣತಿಯ ಜನರ ಎಣಿಕೆ 2027ರ ಫೆಬ್ರುವರಿಯಲ್ಲಿದೆ.

ಇನ್ನು ದಾರಿ. ಸಂಸದರ ಕಚೇರಿಗೆ ಮನವಿ ಕೊಟ್ಟು ಬರಬೇಡಿ. ಕೇಂದ್ರದ ಯೋಜನೆಗಳನ್ನು ಜಿಲ್ಲೆಯಲ್ಲಿ ಪರಿಶೀಲಿಸುವ ದಿಶಾ ಸಮಿತಿಗೆ ಸಂಸದರೇ ಅಧ್ಯಕ್ಷರು, ಜಿಲ್ಲಾಧಿಕಾರಿ ಕಾರ್ಯದರ್ಶಿ. ಆ ಸಭೆಯ ಕಾರ್ಯಸೂಚಿಯಲ್ಲಿ ಆಶ್ರಯ ಕೇಂದ್ರದ ವಿಷಯ ಸೇರಿಸಬೇಕೆಂದು ಲಿಖಿತವಾಗಿ ಕೇಳಿ. ಅಲ್ಲಿ ಅಧಿಕಾರಿಗಳು ಬಾಯಿಬಿಟ್ಟು ಉತ್ತರ ಹೇಳಬೇಕಾಗುತ್ತದೆ, ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ಲೋಕಸಭೆಯಲ್ಲಿ ನಿಯಮ 377ರಡಿ ವಿಷಯ ಪ್ರಸ್ತಾಪಿಸಲು ಸಂಸದರಿಗೆ ಒಂದು ಪುಟದ ಪಠ್ಯವನ್ನು ನೀವೇ ಸಿದ್ಧಮಾಡಿಕೊಡಿ. ಬಜೆಟ್ ಮಂಡನೆಯಾದ ಮೇಲೆ ಸಚಿವಾಲಯದ ಅನುದಾನ ಬೇಡಿಕೆಗಳನ್ನು ಪರಿಶೀಲಿಸುವ ವಸತಿ ಮತ್ತು ನಗರ ವ್ಯವಹಾರಗಳ ಸ್ಥಾಯಿ ಸಮಿತಿಗೂ ಒಂದು ಪ್ರತಿ ಹೋಗಲಿ.

ಪ್ರತಿಕ್ರಿಯೆ: ಕೌಲ್‌ಬಜಾರ್ ಅಕ್ಕ

ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ನಮ್ಮ ಸದಸ್ಯೆ ಆಶ್ರಯ ಕೇಂದ್ರದಲ್ಲಿ ಕೆಲವು ದಿನ ಇರಬಹುದು, ವರ್ಷಗಟ್ಟಲೆ ಇರಲಾರರು. ಸ್ವಂತ ನಿವೇಶನವಿಲ್ಲದ್ದರಿಂದ ಎಂಜಿನಿಯರ್ ಸರ್ ಹೇಳಿದ 1.50 ಲಕ್ಷಕ್ಕೂ ಅವರು ಅರ್ಹರಲ್ಲ. ನಡುವೆ ಏನಿದೆ?

ಉತ್ತರ: ಕೊಪ್ಪಳದ ನಿವೃತ್ತ ಎಂಜಿನಿಯರ್

ನಡುವೆ ಇರುವುದು ಬಾಡಿಗೆ ಮನೆ, ಅಕ್ಕಾ. ಲಾಕ್‌ಡೌನ್‌ನಲ್ಲಿ ಕಾರ್ಮಿಕರು ನಡೆದುಕೊಂಡೇ ಊರಿಗೆ ಮರಳಿದ ಮೇಲೆ, 2020ರ ಜುಲೈಯಲ್ಲಿ, ಕೇಂದ್ರವು ಕೈಗೆಟಕುವ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆ ತಂದಿತು. ಈಗಿನ ಎರಡನೆಯ ಆವೃತ್ತಿಯಲ್ಲಿಯೂ ಬಾಡಿಗೆ ವಸತಿಗೆ ಪ್ರತ್ಯೇಕ ವಿಭಾಗವಿದೆ. ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಹಕ್ಕುಪತ್ರ ಹಂಚುವ ಸಮಾರಂಭದಷ್ಟು ಅದು ಕಾಣಿಸುವುದಿಲ್ಲ. ಜೀನ್ಸ್ ಘಟಕಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮುಂಗಡವಿಲ್ಲದೆ ಬಾಡಿಗೆಗೆ ಸಿಗುವ ಕೋಣೆಗಳು ಬೇಕೆಂದು ಕೇಳಿ. ಜಾಗ ಊರಿನ ಒಳಗೇ ಇರಬೇಕೆಂದು ಒತ್ತಿ ಬರೆಯಿರಿ, ಇಲ್ಲವಾದರೆ ಸಿಂಧನೂರಿನವರು ಹೇಳಿದ ಕೀಲಿಯ ಕಥೆಯೇ ಆಗುತ್ತದೆ.

ಪ್ರತಿಕ್ರಿಯೆ: ಕೌಲ್‌ಬಜಾರ್ ಅಕ್ಕ

ನಿನ್ನೆ ಸಂಘದ ಸಭೆಯಲ್ಲಿ ಮನವಿಯನ್ನು ಹೊಸದಾಗಿ ಬರೆದೆವು. ಹತ್ತು ಸಾವಿರ ಮನೆಗಳು ಹೋದವು. ಮೊದಲ ಪುಟ ಪೂರ್ತಿ ಆಶ್ರಯ ಕೇಂದ್ರದ ನಿರ್ವಹಣೆಯ ವೆಚ್ಚಕ್ಕೆ ಮೀಸಲಾಗಿದೆ: ಲಕ್ಷಕ್ಕೊಂದು ಕೇಂದ್ರವೆಂಬ ಮಾನದಂಡ, ಅವಧಿ ಮುಗಿದ ಅಭಿಯಾನ, ಐದು ವರ್ಷದ ಮಿತಿ ತೆಗೆಯಬೇಕೆಂಬ ಬೇಡಿಕೆ, ಹೆಂಗಸರ ಕೋಣೆಗೆ ಆಯಾ. ಮನೆಯ ಮೊತ್ತವನ್ನು ಸೂಚ್ಯಂಕಕ್ಕೆ ಹೊಂದಿಸುವುದು ಮತ್ತು ಬಾಡಿಗೆ ವಸತಿ ಎರಡನೆಯ ಪುಟದಲ್ಲಿವೆ. ಗಣಿ ನಿಧಿಯ ವಿಷಯವನ್ನು ಬೇರೆ ಅರ್ಜಿಯಾಗಿ ಜಿಲ್ಲಾಧಿಕಾರಿಗಳಿಗೆ ಕೊಡುತ್ತೇವೆ, ಸಿಂಧನೂರಿನ ಅಣ್ಣನವರ ಮಾತನ್ನೂ ಬಿಟ್ಟಿಲ್ಲ. ಸಹಿ ಹಾಕುವಾಗ ಒಬ್ಬ ಸದಸ್ಯೆ, ನಮ್ಮ ಊರಿನಲ್ಲಿ ಎಷ್ಟು ಜನ ಹೊರಗೆ ಮಲಗುತ್ತಾರೆ ಎಂದು ಸಂಸದರು ಕೇಳಿದರೆ ಏನು ಹೇಳುವುದು ಎಂದರು. ಉತ್ತರವಿರಲಿಲ್ಲ. ದಿಶಾ ಸಭೆಗೆ ಮೊದಲು ಒಂದು ರಾತ್ರಿ ನಾವೇ ಎಣಿಸುವುದೆಂದು ಗೊತ್ತುಮಾಡಿದ್ದೇವೆ. ಹೇಗೆ ಮಾಡಬೇಕೆಂದು ರಾತ್ರಿ ಪಾಳಿಯವರು ಹೇಳಿಯಾರೇ?

ಉತ್ತರ: ರಾತ್ರಿ ಪಾಳಿ, ರಾಯಚೂರು

ಖಂಡಿತ ಹೇಳುತ್ತೇನೆ, ಅಕ್ಕಾ. ರಾತ್ರಿ ಹನ್ನೊಂದೂವರೆಗೆ ಮೊದಲು ಹೊರಡಬೇಡಿ, ಅಂಗಡಿಗಳ ಕಟ್ಟೆ ಖಾಲಿಯಾಗುವುದೇ ಆಗ. ನಾಲ್ಕು ಗಂಟೆಯ ಮೇಲೆ ಎಣಿಸಬೇಡಿ, ಹೂವಿನವರು, ತರಕಾರಿಯವರು ಬೆರೆತುಹೋಗುತ್ತಾರೆ. ಪೊಲೀಸ್ ಠಾಣೆಗೆ ಹಿಂದಿನ ದಿನವೇ ಪತ್ರ ಕೊಡಿ, ಆದರೆ ಪೊಲೀಸರನ್ನು ಜೊತೆಯಲ್ಲಿ ಕರೆದೊಯ್ಯಬೇಡಿ, ಮಲಗಿದವರು ಎದ್ದು ಓಡುತ್ತಾರೆ. ಮುಖಕ್ಕೆ ಟಾರ್ಚ್ ಹಾಕಬೇಡಿ, ಫೋಟೊ ತೆಗೆಯಬೇಡಿ, ಎಬ್ಬಿಸಿ ಹೆಸರು ಕೇಳಬೇಡಿ. ಗಂಡಸು, ಹೆಂಗಸು, ಮಗು ಎಂದು ಮೂರು ಗೀಟು ಹಾಕಿಕೊಂಡರೆ ಸಾಕು. ಬಸ್ ನಿಲ್ದಾಣ, ಆಸ್ಪತ್ರೆಯ ಹೊರಾಂಗಣ, ದೇವಸ್ಥಾನ ದರ್ಗಾಗಳ ಅಂಗಳ, ಕೋಟೆ ಗುಡ್ಡದ ಬುಡ, ಎಪಿಎಂಸಿಯ ಶೆಡ್ಡುಗಳನ್ನು ಇಬ್ಬಿಬ್ಬರಂತೆ ಹಂಚಿಕೊಳ್ಳಿ.

ರೈಲು ನಿಲ್ದಾಣ ಮಾತ್ರ ಕಷ್ಟದ ಜಾಗ. ಪ್ರಯಾಣಿಕರು ಯಾರು, ಮನೆಯಿಲ್ಲದವರು ಯಾರು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ನಿಮ್ಮ ಆ ಸದಸ್ಯೆ ಒಪ್ಪಿ ಬರುವುದಾದರೆ ಪ್ಲಾಟ್‌ಫಾರಂ ಅವರಿಗೇ ಬಿಡಿ. ಹೊಸಪೇಟೆಯ ಟಿಕೆಟ್ ಹಿಡಿದು ಕುಳಿತವರನ್ನು ಅವರು ಗುರುತಿಸುತ್ತಾರೆ.